ಆಸ್ಪತ್ರೆಯಲ್ಲಿ ಹೆಣೆದ ಬಲತೋಳು

ನಮ್ಮ ಮನೆಯ ನಡುಕೋಣೆಯ ಬಾಗಿಲ ಹಿಂದೆ ನಾಲ್ಕು ಮೊಳೆಗಳಿವೆ. ನಾಲ್ಕು ಮೊಳೆಗೆ ನಾಲ್ಕು ಬಟ್ಟೆಯ ಚೀಲ. ಒಂಬತ್ತು ವರ್ಷದ ಹಿಂದೆ ನಾನು ಮದುವೆಯಾಗಿ ಈ ಮನೆಗೆ ಬಂದ ಮೊದಲ ವಾರವೇ ನನ್ನ ಕಣ್ಣು ಅವುಗಳ ಮೇಲೆ ಬಿತ್ತು. ಒಂದೊಂದರ ಮೇಲೂ ಬಿಳಿ ಪಟ್ಟಿ ಹೊಲಿದು, ನೀಲಿ ದಾರದಲ್ಲಿ ಹೆಸರು ಹಾಕಿತ್ತು: ಬಸ್ಸು, ಸಭೆ, ಆಸ್ಪತ್ರೆ, ಮನೆ. ಒಳಗೆ ಉಲ್ಲನ್ ಉಂಡೆ, ಎರಡು ಕಡ್ಡಿ, ಅರ್ಧ ಹೆಣೆದ ಏನಾದರೊಂದು. ಎಲ್ಲವೂ ನನ್ನ ವಾರಗಿತ್ತಿಯದು, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯದು. ನಾನು ಅಕ್ಕ ಅನ್ನುತ್ತೇನೆ. ಬೀದಿಯವರು ಕಡ್ಡಿ ಅಕ್ಕ ಅನ್ನುತ್ತಾರೆ.

ಕಂಡವರ ವಿಷಯದಲ್ಲಿ ಮೂಗು ತೂರಿಸುವುದು ನನ್ನ ಹುಟ್ಟುಗುಣ. ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಗೂ ಗೊತ್ತಾಗಿಬಿಡುತ್ತದೆ. ಕೆಲಸವೂ ಅದಕ್ಕೆ ಹೊಂದುವಂಥದ್ದೇ ಸಿಕ್ಕಿದೆ. ಗಾರ್ಮೆಂಟ್ಸ್ ಕಾರ್ಖಾನೆಯ ಚೆಕಿಂಗ್ ವಿಭಾಗದಲ್ಲಿ ಕೂತು, ಹೊಲಿದು ಬಂದ ಅಂಗಿಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಇಂಚಿಗೆ ಎಷ್ಟು ಹೊಲಿಗೆ ಬಿದ್ದಿದೆ ಎಂದು ಎಣಿಸಿ, ತಪ್ಪಿದ್ದರೆ ಕೆಂಪು ಸ್ಟಿಕ್ಕರ್ ಅಂಟಿಸುವುದು. ಮನೆಗೆ ಬಂದರೂ ಕಣ್ಣು ಸುಮ್ಮನಿರುವುದಿಲ್ಲ. ನೆಂಟರ ಕಾಲರು, ನನ್ನವರ ಜೇಬು, ಪಕ್ಕದ ಮನೆಯ ಪರದೆ, ಎಲ್ಲಕ್ಕೂ ಮನಸ್ಸಿನಲ್ಲೇ ಸ್ಟಿಕ್ಕರ್ ಅಂಟಿಸುತ್ತಾ ಬಂದವಳು ನಾನು. ಅಂಥವಳಿಗೆ ನಾಲ್ಕು ಚೀಲ ತೋರಿಸಿ ಸುಮ್ಮನಿರು ಅಂದರೆ ಹೇಗೆ?

ಅಕ್ಕ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಬೆಳಿಗ್ಗೆ ಎಂಟೂವರೆಯ ಬಸ್ಸು, ಹೋಗಲು ನಲವತ್ತು ನಿಮಿಷ, ಬರಲು ನಲವತ್ತು ನಿಮಿಷ. ಸೀಟು ಸಿಕ್ಕ ದಿನ ಬಸ್ಸಿನ ಚೀಲ ತೆರೆಯುತ್ತಿತ್ತು. ಅದರಿಂದ ಹೊರಬಂದ ಮಫ್ಲರುಗಳು ಶಾಲೆಯ ಅರ್ಧ ಸಿಬ್ಬಂದಿಯ ಕುತ್ತಿಗೆಯಲ್ಲಿವೆ. ಅದು ಸಾಲದು ಅಂತ ಅಕ್ಕ ನಮ್ಮ ಬೀದಿ ಸಂಘಕ್ಕೆ ಕಾರ್ಯದರ್ಶಿ. ಸಭೆಯ ಚೀಲದಲ್ಲಿ ಹೊಸ ಮಕ್ಕಳ ಟೋಪಿ ಮಾತ್ರ. ಈ ಬೀದಿಯಲ್ಲಿ ಹದಿನೈದು ವರ್ಷದಿಂದ ಹುಟ್ಟಿದ ಒಂದು ಮಗುವೂ ಅಕ್ಕನ ಟೋಪಿ ತಪ್ಪಿಸಿಕೊಂಡಿಲ್ಲ. ನೀರಿನ ಪೈಪಿನ ಜಗಳ ನಡೆದ ವರ್ಷ ಸಭೆಗಳು ಎಷ್ಟು ಉದ್ದವಾದವೆಂದರೆ, ಮಕ್ಕಳು ಮೂರೇ ಹುಟ್ಟಿದರೂ ಟೋಪಿ ಹನ್ನೊಂದು ತಯಾರಾದವು. ಉಳಿದ ಎಂಟು ಟೋಪಿಗಳನ್ನು ಮುಂದೆ ಹುಟ್ಟುವವರಿಗೆಂದು ಕಬ್ಬಿಣದ ಬೀರುವಿನಲ್ಲಿಟ್ಟರು.

ವಿಚಿತ್ರವೆಂದರೆ, ಒಂದು ಚೀಲದ ಕೆಲಸ ಇನ್ನೊಂದು ಜಾಗಕ್ಕೆ ಹೋಗುವಂತಿರಲಿಲ್ಲ. ಬಸ್ಸಿನ ಮಫ್ಲರಿಗೆ ಇನ್ನು ನಾಲ್ಕೇ ಸಾಲು ಬಾಕಿ ಇದ್ದರೂ ಅಕ್ಕ ಅದನ್ನು ಮನೆಯಲ್ಲಿ ಮುಗಿಸುತ್ತಿರಲಿಲ್ಲ. ಬೆಳಗಾಗಲಿ, ಬಸ್ಸು ಬರಲಿ, ಸೀಟು ಸಿಗಲಿ. ನಾನು ಮೊದಲು ಇದೇನೋ ಮೂಢನಂಬಿಕೆ ಅಂದುಕೊಂಡೆ. ಆಮೇಲೆ ಶಾಲೆಯ ಫೈಲುಗಳ ಜತೆ ಇದ್ದೂ ಇದ್ದೂ ಬಂದ ಚಟ ಅಂದುಕೊಂಡೆ. ಕೇಳಿದಾಗಲೆಲ್ಲ ಒಂದೊಂದು ಉತ್ತರ ಬರುತ್ತಿತ್ತು. ಒಂದು ಸಲ "ಉಂಡೆ ಗೋಜಲಾಗತ್ತೆ" ಅಂದರು, ಇನ್ನೊಂದು ಸಲ "ನಿನಗ್ಯಾಕೆ, ಹೋಗಿ ಹಾಲು ನೋಡು, ಉಕ್ಕತ್ತೆ" ಅಂದರು. ಹಾಲು ನಿಜಕ್ಕೂ ಉಕ್ಕುತ್ತಿತ್ತು, ಅದು ಬೇರೆ ಮಾತು.

ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಭಾವ, ಅಕ್ಕನ ಗಂಡ. ವರ್ಷಕ್ಕೆ ಹತ್ತು ಮಾತು ಆಡುವ ಮನುಷ್ಯ. ಅದರಲ್ಲೊಂದು ನನ್ನ ಪಾಲಿಗೆ ಬಂತು. ಮದುವೆಯಾದ ಹೊಸತರಲ್ಲಿ ಅಕ್ಕ ಅವರಿಗೆ ಒಂದು ಜೊತೆ ಕಾಲುಚೀಲ ಹಾಕಿಕೊಟ್ಟಿದ್ದರಂತೆ. ಒಂದನ್ನು ಸಂಘದ ಸಭೆಯಲ್ಲಿ ಹೆಣೆದದ್ದು, ಇನ್ನೊಂದನ್ನು ಆಸ್ಪತ್ರೆಯಲ್ಲಿ, ಆಗ ಯಾರಿಗೋ ಹೆರಿಗೆ ಕಷ್ಟವಾಗಿತ್ತು. "ಒಂದು ಗೋಣಿಚೀಲ, ಇನ್ನೊಂದು ಬ್ಯಾಂಡೇಜು" ಅಂದರು ಭಾವ. ಇಡೀ ಚಳಿಗಾಲ ಎರಡನ್ನೂ ಹಾಕಿಕೊಂಡೇ ಓಡಾಡಿದರಂತೆ, ಒಂದು ಮಾತು ಹೇಳದೆ. ಹೆಬ್ಬೆರಳ ಉಗುರು ಕಪ್ಪಾದ ಮೇಲೆಯೇ ಅಕ್ಕನಿಗೆ ತಿಳಿದದ್ದು.

ನಾನು ನೇರ ಅಕ್ಕನ ಹತ್ತಿರ ಹೋದೆ. ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ ಅನ್ನಿಸಿತೋ ಏನೋ, ಹೇಳಿದರು.

"ಕೈಗೆ ಜಾಗ ಗೊತ್ತಾಗತ್ತೆ ಕಣೇ. ಅದೇ ಉಲ್ಲನ್, ಅದೇ ಕಡ್ಡಿ, ಅಷ್ಟೇ ಕುಣಿಕೆ. ಆದ್ರೆ ಆಸ್ಪತ್ರೇಲಿ ಕೂತ್ರೆ ಕೈ ಬಿಗಿಯಾಗತ್ತೆ, ದಾರ ಎಳೆಯತ್ತೆ. ಸಭೇಲಿ ಸಡಿಲ. ಬಸ್ಸಲ್ಲಿ ಎರಡಕ್ಕೂ ನಡುವೆ. ನಾನು ಬೇಕು ಅಂತ ಮಾಡಲ್ಲ. ಅದಕ್ಕೇ ಒಂದು ಜಾಗದ್ದು ಅದೇ ಜಾಗದಲ್ಲಿ ಮುಗೀಬೇಕು. ಇಲ್ಲದಿದ್ರೆ ಎಡಗಾಲು ಒಂದು, ಬಲಗಾಲು ಒಂದು."

ನನಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತೇ ಕಾರ್ಖಾನೆಯ ಸ್ಟೀಲು ಸ್ಕೇಲು ತಂದು ಅಳೆಯಲು ಕೂತೆ. ನಾಲ್ಕಿಂಚು ಅಗಲಕ್ಕೆ ಎಷ್ಟು ಕುಣಿಕೆ? ಕುಣಿಕೆ ಸಡಿಲವಿದ್ದಷ್ಟೂ ಕಡಿಮೆ ಹಿಡಿಯುತ್ತದೆ, ಬಿಗಿಯಿದ್ದಷ್ಟೂ ಹೆಚ್ಚು. ಸಭೆಯ ಟೋಪಿ: ಇಪ್ಪತ್ತೊಂದು. ಬಸ್ಸಿನ ಮಫ್ಲರು: ಇಪ್ಪತ್ತೆರಡು. ಆಸ್ಪತ್ರೆಯ ಚೀಲದಲ್ಲಿ ಒಂದು ಹಳೆಯ ಪುಟ್ಟ ಕಾಲುಚೀಲ ಸಿಕ್ಕಿತು. ಅಕ್ಕನ ಮಗಳು ಆರು ವರ್ಷದವಳಿದ್ದಾಗ ಜ್ವರ ಏರಿ ನಾಲ್ಕು ದಿನ ಆಸ್ಪತ್ರೆಯಲ್ಲಿ ಮೇಲೇಳದೆ ಮಲಗಿದ್ದಳಂತೆ, ಆಗ ಹೆಣೆದದ್ದು. ಅದನ್ನು ಮೇಜಿನ ಮೇಲೆ ಇಟ್ಟರೆ ಲೋಟದ ಹಾಗೆ ನೆಟ್ಟಗೆ ನಿಂತಿತು. ಎಣಿಸಿದೆ: ಇಪ್ಪತ್ತಾರು.

ಮನೆಯ ಚೀಲವನ್ನು ಮಾತ್ರ ನಾನು ಅಳೆಯಲಿಲ್ಲ. ದಿನಾ ಕಣ್ಣೆದುರಿಗೆ ಇದ್ದದ್ದಕ್ಕೋ ಏನೋ, ಅದರಲ್ಲಿ ತಿಳಿಯುವಂಥದ್ದು ಏನಿದೆ ಅನ್ನಿಸಿತ್ತು.

ಆ ಚೀಲದಲ್ಲಿ ಇದ್ದದ್ದು ಮಗಳ ಸ್ವೆಟರ್. ಇಟ್ಟಿಗೆ ಬಣ್ಣದ ಉಲ್ಲನ್. ಶುರು ಮಾಡಿ ಎಂಟು ವರ್ಷ. ಮೊದಲ ಸಲ ಬೆನ್ನು ಮುಗಿಯುವಷ್ಟರಲ್ಲಿ ಹುಡುಗಿ ಒಂದು ಗೇಣು ಬೆಳೆದುಬಿಟ್ಟಳು. ಬಿಚ್ಚಿ ಮತ್ತೆ ಶುರು. ಮತ್ತೆ ಬೆಳೆದಳು. ಮತ್ತೆ ಬಿಚ್ಚಿದರು. ಆಮೇಲೆ ಹುಡುಗಿ ಬೆಳೆಯುವುದನ್ನು ನಿಲ್ಲಿಸಿದರೂ ಸ್ವೆಟರ್ ಬೆಳೆಯಲಿಲ್ಲ, ಏಕೆಂದರೆ ಮನೆಯಲ್ಲಿ ಅಕ್ಕ ಕೂರುವುದೆಂಬುದೇ ಇರಲಿಲ್ಲ. ನನಗೂ ನನ್ನವರಿಗೂ ಮಕ್ಕಳಿಲ್ಲ, ಅವಳೇ ಎರಡು ಜೋಡಿಗೂ ಮಗಳು. ಅವಳು ಒಳಗೊಳಗೇ ನೊಂದಿದ್ದಳೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಅವಳಿಗೆ ಬಸ್ ಕಂಡಕ್ಟರ್ ಕೆಲಸದ ಆದೇಶ ಬಂದ ದಿನ. ಅಂದಿನಿಂದ ಏಳು ವಾರಕ್ಕೆ, ತರಬೇತಿ ಮುಗಿದು, ಒಂದನೇ ತಾರೀಕು ಮೊದಲ ಪಾಳಿ: ಬೆಳಗಿನ ನಾಲ್ಕೂವರೆಗೆ ಡಿಪೋದಲ್ಲಿರಬೇಕು.

"ಆ ಹೊತ್ತಿಗೆ ಚಳಿ ಮೂಳೆ ಕೊರೆಯತ್ತೆ" ಅಂದರು ಮಾವ, ನನ್ನ ಗಂಡನ ತಂದೆ. "ಒಂದು ಜಾಕೆಟ್ ತಗೊಂಡುಬಿಡು."

"ಯಾಕೆ ತಾತ, ಅಮ್ಮ ಹಾಕ್ತಿದ್ದಾಳಲ್ಲ" ಅಂದಳು ಹುಡುಗಿ. ನಗುತ್ತಲೇ ಅಂದಳು, ಆದರೆ ನಗು ಅಲ್ಲಿಗೇ ಮುಗಿಯಿತು. "ಈ ಬೀದೀಲಿ ಹುಟ್ಟಿದ ಮಕ್ಕಳಿಗೆಲ್ಲ ಟೋಪಿ ಇದೆ. ಅಮ್ಮನ ಹೊಟ್ಟೇಲಿ ಹುಟ್ಟಿದವಳಿಗೆ ಒಂದು ಸ್ವೆಟರ್ ಇಲ್ಲ."

ಅಕ್ಕ ತಟ್ಟೆ ತೊಳೆಯುತ್ತಿದ್ದರು. ತಿರುಗಲಿಲ್ಲ. "ಒಂದನೇ ತಾರೀಕು ಅದನ್ನ ಹಾಕ್ಕೊಂಡೇ ಹೋಗ್ತೀಯ" ಅಂದರು. ಆ ದನಿ ಕೇಳಿ ನನಗೆ ಭಯವಾಯಿತು. ಅಕ್ಕ ಮಾತು ಕೊಡುವವರಲ್ಲ, ಕೊಟ್ಟರೆ ಜೀವ ಹೋದರೂ ಬಿಡುವವರಲ್ಲ.

ಅವತ್ತಿನಿಂದ ಅಡುಗೆಮನೆಯ ಕಿಟಕಿಯ ಪಕ್ಕದ ಸ್ಟೂಲೇ ಅಕ್ಕನ ಕಾರ್ಖಾನೆ. ಸಂಜೆ ಶಾಲೆಯಿಂದ ಬಂದ ಮೇಲೆ ಅಲ್ಲಿ ಕೂರುತ್ತಿದ್ದರು, ಸ್ಟೂಲಿನ ಅಂಚಿನಲ್ಲಿ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ. ಒಂದು ಭಾನುವಾರ ನಾನು ಸುಮ್ಮನೆ ಲೆಕ್ಕ ಹಾಕಿದೆ. ಮುಕ್ಕಾಲು ಗಂಟೆಯಲ್ಲಿ ಹದಿನಾಲ್ಕು ಸಲ ಎದ್ದರು. ಮಾವನಿಗೆ ಬಿಸಿನೀರು. ಹುಡುಗಿಗೆ ಬೆಲ್ಟು ಸಿಗಲಿಲ್ಲ. ಭಾವ ಏನನ್ನೂ ಕೇಳುವವರಲ್ಲ, ಆದರೆ ಬೇಕಾದದ್ದು ಸಿಗುವವರೆಗೆ ಬೀರುವಿನ ಬಾಗಿಲನ್ನು ದಡಬಡ ಬಡಿಯುತ್ತಲೇ ಇರುತ್ತಾರೆ. ನಮ್ಮವರಿಗೆ ತಮ್ಮದೇ ಕನ್ನಡಕ ಬೇಕಿತ್ತು, ಅದು ತಲೆಯ ಮೇಲೇ ಇತ್ತು. ಸಂಘದ ಅಧ್ಯಕ್ಷರು, ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಗೇಟಿನಿಂದಲೇ "ಮೇಡಂ, ಒಂದೇ ನಿಮಿಷ" ಎಂದು ಮೂರು ಸಲ ಕರೆದರು. ಹದಿನಾಲ್ಕರಲ್ಲಿ ಐದು ನನ್ನವು. ಅಕ್ಕಾ, ಕತ್ತರಿ ಎಲ್ಲಿ? ಅಕ್ಕಾ, ಉಪ್ಪು ನೋಡಿ ಸಾಕಾ? ಲೆಕ್ಕವನ್ನೇನೋ ಹಾಕಿದೆ, ಕರೆಯುವುದನ್ನು ನಿಲ್ಲಿಸಬಹುದು ಎಂದು ಮಾತ್ರ ಹೊಳೆಯಲಿಲ್ಲ.

ಆದರೂ ಐದು ವಾರಕ್ಕೆ ಬೆನ್ನು ಆಯಿತು, ಎದೆ ಆಯಿತು, ಎಡತೋಳೂ ಆಯಿತು. ಎಡತೋಳನ್ನು ಹುಡುಗಿಯ ಕೈಗೆ ಹಿಡಿದು ನೋಡಿದಾಗ ಮಣಿಕಟ್ಟಿಗಿಂತ ಎರಡು ಬೆರಳು ಮೇಲೆಯೇ ನಿಂತಿತು. "ಆವಿ ಹಿಡಿದು ಎಳೆದ್ರೆ ಇಳಿಯತ್ತೆ" ಅಂದರು ಅಕ್ಕ. ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು: ನೂರ ಹನ್ನೆರಡು ಸಾಲು. ಇನ್ನು ಬಲತೋಳು ಒಂದೇ ಬಾಕಿ, ಕೈಯಲ್ಲಿ ಎರಡು ವಾರವಿತ್ತು. ನಮಗೆಲ್ಲ ಗೆದ್ದೆವು ಅನ್ನಿಸಿತ್ತು.

ಮಾರನೆಯ ದಿನ ಮಾವ ಗೋಡೆ ಗಡಿಯಾರಕ್ಕೆ ಸೆಲ್ ಹಾಕಲು ಅದೇ ಸ್ಟೂಲು ಹತ್ತಿ, ಬಿದ್ದು, ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದುಕೊಂಡರು.

ಆಪರೇಷನ್ ಆಗಬೇಕು, ಹತ್ತು ಹನ್ನೆರಡು ದಿನ ಅಲ್ಲೇ ಇರಬೇಕು, ಜೊತೆಗೆ ಒಬ್ಬರು ಇರಲೇಬೇಕು ಎಂದರು ಡಾಕ್ಟರು. ಶಾಲೆಗೆ ರಜೆ ಶುರುವಾಗಿತ್ತು. ಉಳಿದವರಿಗೆಲ್ಲ ಕೆಲಸ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ, ಅಕ್ಕ ಹೋಗುವುದೆಂದು ತೀರ್ಮಾನವಾಗಿಬಿಟ್ಟಿತ್ತು. ಬಟ್ಟೆ ತುಂಬಿಕೊಂಡು ಅಕ್ಕ ಬಾಗಿಲ ಹಿಂದೆ ಬಂದು ನಿಂತರು. ಆಸ್ಪತ್ರೆಯ ಚೀಲಕ್ಕೆ ಕೈ ಹಾಕಿ, ತೆಗೆದು, ಮತ್ತೆ ಹಾಕಿದರು.

"ಮನೆ ಚೀಲ ತಗೊಂಡು ಹೋಗಿ" ಅಂದೆ ನಾನು.

"ಅಲ್ಲಿ ನನ್ನ ಕೈ ಹೇಗಾಗತ್ತೆ ಅಂತ ಗೊತ್ತಲ್ಲ ನಿನಗೆ? ಎಡತೋಳೇ ಗಿಡ್ಡ. ಇದು ಮೊಣಕೈಗೇ ನಿಂತುಬಿಡತ್ತೆ."

"ಬಿಡಮ್ಮ" ಅಂದಳು ಹುಡುಗಿ, ತರಬೇತಿಯ ಬೂಟು ಕಟ್ಟಿಕೊಳ್ಳುತ್ತಾ. "ಜಾಕೆಟ್ ತಗೋತೀನಿ. ನನಗೆ ಮೊದಲೇ ಗೊತ್ತಿತ್ತು." ಅಷ್ಟು ಹೇಳಿ ಹೊರಟುಹೋದಳು.

ಅಕ್ಕ ಮನೆಯ ಚೀಲವನ್ನು ಮೊಳೆಯಿಂದ ಇಳಿಸಿದರು. ಅಲ್ಲಿ ಕೊಳೆಯಾಗುವುದು ಬೇಡವೆಂದು ಹೆಣೆದ ಮೂರೂ ತುಂಡುಗಳನ್ನು ತೆಗೆದು ಬೀರುವಿನಲ್ಲಿಟ್ಟರು. ಖಾಲಿ ಕಡ್ಡಿ, ಉಂಡೆ, ನೋಟ್‌ಬುಕ್ಕು ಮಾತ್ರ ಹಿಡಿದು ಹೋದರು. ತಾವೇ ಹಾಕಿಕೊಂಡ ಕಟ್ಟಳೆಯನ್ನು ತಾವೇ ಮುರಿಯುತ್ತಿದ್ದರು, ಮುಖ ಬಾಡಿಹೋಗಿತ್ತು.

ಆ ಹನ್ನೊಂದು ದಿನ ನಮ್ಮ ಮನೆ ಹೇಗಿತ್ತು ಎಂದು ವರ್ಣಿಸುವುದು ಬೇಡ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹುಡುಕಲು ನನಗೆ ಒಂದು ದಿನ ಹಿಡಿಯಿತು. ಅದು ಒಲೆಯ ಪಕ್ಕದಲ್ಲೇ ಇತ್ತು, ಒಂಬತ್ತು ವರ್ಷದಿಂದ. ಭಾವ ಬೀರು ಬಡಿದು ಬಡಿದು, ಯಾರೂ ಬಾರದಿದ್ದಾಗ, ತಾವೇ ತಮ್ಮ ಬನಿಯನ್ ಹುಡುಕಿಕೊಂಡರು. ನಾನು ಕಾರ್ಖಾನೆಯಿಂದ ಬಂದು ಅಡುಗೆ ಮಾಡಿ, ಡಬ್ಬಿ ಕಟ್ಟಿ, ಆಸ್ಪತ್ರೆಗೆ ಹೋಗುವ ನಮ್ಮವರ ಕೈಗೆ ಕೊಡುತ್ತಿದ್ದೆ. ಆರನೆಯ ದಿನ ನಾನೇ ಹೋದೆ.

ವಾರ್ಡಿನ ಬಾಗಿಲಲ್ಲಿ ನಿಂತವಳು ಹಾಗೇ ನಿಂತುಬಿಟ್ಟೆ. ಮಾವ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಕಿಟಕಿಯ ಪಕ್ಕ ಅಕ್ಕ ಕುರ್ಚಿಗೆ ಪೂರ್ತಿ ಒರಗಿ ಕೂತಿದ್ದರು. ಚಪ್ಪಲಿ ಎರಡೂ ನೆಲದ ಮೇಲೆ, ಕಾಲೆರಡೂ ಎದುರಿನ ಕುರ್ಚಿಯ ಮೇಲೆ. ಮಡಿಲಲ್ಲಿ ಇಟ್ಟಿಗೆ ಬಣ್ಣದ ತೋಳು. ಕಡ್ಡಿಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಅಕ್ಕನ ಕಣ್ಣು ಅವುಗಳ ಮೇಲಿರಲಿಲ್ಲ, ಕಿಟಕಿಯ ಹೊರಗೆ ಒಂದು ಬೆಕ್ಕು ಗೋಡೆಯ ಮೇಲೆ ನಡೆಯುವುದನ್ನು ನೋಡುತ್ತಿದ್ದರು. ಗುನುಗುತ್ತಿದ್ದರು ಬೇರೆ. ನಾನು ಅಕ್ಕನ ಅಂಗಾಲು ನೋಡಿದ್ದು ಅದೇ ಮೊದಲು.

ನನಗೆ ಮೈ ಉರಿಯಿತು, ನಿಜ ಹೇಳುತ್ತೇನೆ. ಅಲ್ಲಿ ನಾನು ಒಲೆ, ಕಸ, ಬಟ್ಟೆ ಎಂದು ಸಾಯುತ್ತಿದ್ದರೆ ಇಲ್ಲಿ ಮಹಾರಾಣಿಯವರು ಬೆಕ್ಕು ನೋಡುತ್ತಿದ್ದಾರೆ! ಆ ಉರಿಯಲ್ಲೇ ಎರಡು ಹೆಜ್ಜೆ ಒಳಗಿಟ್ಟೆ. ಅಕ್ಕ ನನ್ನನ್ನು ಕಂಡರು. ಕಂಡದ್ದೇ ತಡ, ಕಾಲು ಕೆಳಗಿಳಿಯಿತು, ಬೆನ್ನು ನೆಟ್ಟಗಾಯಿತು, ಒಂದು ಪಾದ ಚಪ್ಪಲಿಯೊಳಗೆ ಹೋಯಿತು.

"ಏನು ಬೇಕಿತ್ತು?" ಅಂದರು.

"ಏನೂ ಇಲ್ಲಕ್ಕ" ಅಂದೆ. ಉರಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವರು ಚೆನ್ನಾಗಿದ್ದೀಯಾ ಅಂತ ಕೇಳಲಿಲ್ಲ, ಯಾವಾಗ ಬಂದೆ ಅಂತ ಕೇಳಲಿಲ್ಲ. ನನ್ನ ಮುಖ ಕಂಡರೆ ಅವರಿಗೆ ಬರುವ ಮಾತು ಅದೊಂದೇ. ಬಸ್ಸಿನಲ್ಲಿ ವಾಪಸು ಬರುವಾಗಲೂ ಅದು ನನ್ನನ್ನು ಬಿಡಲಿಲ್ಲ.

ತಿಂಗಳ ಕೊನೆಯ ದಿನಕ್ಕೆ ಮುಂಚಿನ ದಿನ ಮಾವನನ್ನು ಮನೆಗೆ ಕಳಿಸಿದರು. ನಡುಕೋಣೆಯಲ್ಲೇ ಮಂಚ ಹಾಕಿದೆವು. ಮಾರನೆಯ ಸಂಜೆ ಅಕ್ಕ ಬೀರುವಿನಿಂದ ಮೂರು ತುಂಡು ತೆಗೆದು, ಚೀಲದಿಂದ ಬಲತೋಳನ್ನು ತೆಗೆದು, ಮೇಜಿನ ಮೇಲೆ ಪಕ್ಕಪಕ್ಕಕ್ಕೆ ಹಾಸಿದರು. ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ, ಒದ್ದೆ ಬಟ್ಟೆ ಸಿದ್ಧವಾಗಿತ್ತು. ಗಿಡ್ಡವಾದ ತೋಳನ್ನು ಎಳೆದು ಉದ್ದ ಮಾಡಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

ಬಲತೋಳು ಗಿಡ್ಡವಾಗಿರಲಿಲ್ಲ. ಎಡತೋಳಿಗಿಂತ ನಾಲ್ಕು ಬೆರಳು ಉದ್ದವಾಗಿತ್ತು. ಅಗಲವೂ ಹೆಚ್ಚು, ಮೆತ್ತಗೆ ಬೇರೆ.

"ಸಾಲು ತಪ್ಪು ಎಣಿಸಿದ್ದೀಯ" ಅಂದರು ಭಾವ. ಆ ವರ್ಷದ ಹತ್ತರಲ್ಲಿ ಒಂದು ಖರ್ಚಾಯಿತು.

ಅಕ್ಕ ಎಣಿಸಿದರು. ನೂರ ಹನ್ನೆರಡು. ನಾನು ಎಣಿಸಿದೆ. ನೂರ ಹನ್ನೆರಡೇ. ಅದೇ ಕಡ್ಡಿ, ಅದೇ ಉಲ್ಲನ್. ನನ್ನ ಕೈ ತಡೆಯಲಿಲ್ಲ, ಓಡಿಹೋಗಿ ಸ್ಟೀಲು ಸ್ಕೇಲು ತಂದೆ. ಬಲತೋಳಿನ ಕೆಳಗಿನ ಅಂಚು ಬಿಗಿಯಾಗಿತ್ತು, ಇಪ್ಪತ್ತೈದು. ಆಪರೇಷನ್ ದಿನ ಹೊರಗೆ ಬೆಂಚಿನ ಮೇಲೆ ಹಾಕಿದ ಸಾಲುಗಳವು. ಅಲ್ಲಿಂದ ಮೇಲೆ ಹೋಗುತ್ತಾ ಹೋಗುತ್ತಾ ಸಡಿಲವಾಗಿ, ನಡುವಿನಿಂದಾಚೆಗೆ ಇಪ್ಪತ್ತು. ಸಭೆಯ ಟೋಪಿಗಿಂತಲೂ ಸಡಿಲ. ಅಕ್ಕನ ಕೈಯಿಂದ ಇಪ್ಪತ್ತು ಬಂದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಅಯ್ಯೋ" ಅಂದರು ಅಕ್ಕ. ಮುಖ ಕೆಂಪಾಗಿತ್ತು. "ಮಾವ ಕಾಲು ಮುರ್ಕೊಂಡು ಮಲಗಿದ್ರು, ನನ್ನ ಕೈ ಇಷ್ಟು ಆರಾಮಾಗಿತ್ತಾ? ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?"

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಚೆಕಿಂಗ್‌ನವಳು ಒಂದು ತೋಳು ನೋಡಿ ಇನ್ನೊಂದನ್ನು ಬಿಡುವುದಿಲ್ಲ. ಸ್ಕೇಲನ್ನು ಎಡತೋಳಿನ ಮೇಲಿಟ್ಟೆ. ಮನೆಯಲ್ಲಿ ಹೆಣೆದ ತೋಳು. ಇಪ್ಪತ್ನಾಲ್ಕು. ತಪ್ಪಿರಬೇಕೆಂದು ಬೆನ್ನಿನ ಮೇಲಿಟ್ಟೆ. ಇಪ್ಪತ್ನಾಲ್ಕು. ಎದೆಯ ಮೇಲೂ ಅಷ್ಟೇ, ಒಂದೆರಡು ಕಡೆ ಇಪ್ಪತ್ತೈದು. ಬಸ್ಸಿಗಿಂತ ಬಿಗಿ, ಸಭೆಗಿಂತ ಬಿಗಿ. ಹೆಚ್ಚುಕಡಿಮೆ ಮಾವನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದ ದಿನದಷ್ಟೇ ಬಿಗಿ.

ನಾನು ಅಂಕಿಗಳನ್ನು ಜೋರಾಗಿ ಓದುತ್ತಿದ್ದೆ, ಕಾರ್ಖಾನೆಯ ಅಭ್ಯಾಸ. ಕೊನೆಯದನ್ನು ಓದಿದ ಮೇಲೆ ಅದು ನನಗೇ ಕೇಳಿಸಿತು. ನಮ್ಮವರು ತಲೆಯ ಮೇಲಿದ್ದ ಕನ್ನಡಕ ಇಳಿಸಿ ಒರೆಸಿದರು. ಎಡತೋಳಿನಲ್ಲಿ ನನ್ನ ಕತ್ತರಿ ಎಷ್ಟು ಸಾಲು, ನನ್ನ ಉಪ್ಪು ಎಷ್ಟು ಸಾಲು ಎಂದು ಯೋಚಿಸಿದೆ. ನಾಚಿಕೆಯಾಯಿತು.

ಮಂಚದಿಂದ ಮಾವ ಕೆಮ್ಮಿದರು. "ಹಾಗಾದ್ರೆ ಆ ಎಡತೋಳಿಗೆ ನಾನು ಇನ್ನೊಂದು ಕಾಲು ಮುರ್ಕೋಬೇಕೇನಮ್ಮ?"

ಎಲ್ಲರೂ ನಕ್ಕೆವು, ಅಕ್ಕ ಕೂಡ. ಹುಡುಗಿ ಮಾತ್ರ ನಗಲಿಲ್ಲ. ಎರಡು ತೋಳನ್ನೂ ಎತ್ತಿ, ಒಂದೊಂದು ಕೈಯಲ್ಲಿ ಹಿಡಿದು, ಹಿಸುಕಿ ನೋಡುತ್ತಿದ್ದಳು. "ಇದು ನೀನು ಕೂತಾಗ" ಅಂದಳು, ಬಲಗಡೆಯದನ್ನು ಎತ್ತಿ. ಎಡಗಡೆಯದನ್ನು ಎತ್ತಿ, ಅಡುಗೆಮನೆಯ ಕಡೆ ನೋಡಿದಳು.

"ಬಿಚ್ಚಿಬಿಡ್ತೀನಿ" ಎಂದು ಅಕ್ಕ ಬಲತೋಳಿಗೆ ಕೈ ಚಾಚಿದರು. "ಇವತ್ತು ಆಗಲ್ಲ. ಆದ್ರೆ ಮುಂದಿನ ವಾರ—"

"ಅದನ್ನ ಮುಟ್ಟಬೇಡ" ಅಂದಳು ಹುಡುಗಿ. "ಹೀಗೇ ಜೋಡಿಸು. ನಾಳೆ ಹಾಕ್ಕೊಂಡು ಹೋಗ್ತೀನಿ ಅಂತ ಮಾತು ಆಗಿದೆ."

ಬೆಳಗಿನ ನಾಲ್ಕಕ್ಕೆ ಅವಳು ಹೊರಟಾಗ ನಾವೆಲ್ಲ ಎದ್ದಿದ್ದೆವು. ಸಮವಸ್ತ್ರದ ಒಳಗಿನಿಂದ ಇಟ್ಟಿಗೆ ಬಣ್ಣ ಇಣುಕುತ್ತಿತ್ತು. ಎಡಗಡೆ ಮಣಿಕಟ್ಟು ಬರಿದು, ಬಲಗಡೆ ಬೆರಳ ಗೆಣ್ಣಿನವರೆಗೂ ತೋಳು, ಎರಡು ಮಡಿಕೆ ಮಡಚಿದರೂ ಜಾರುತ್ತಿತ್ತು. ನನ್ನ ಕಾರ್ಖಾನೆಯಲ್ಲಿ ಅಂಥದಕ್ಕೆ ಎರಡು ಸ್ಟಿಕ್ಕರ್ ಬೀಳುತ್ತವೆ. ಅವಳು ಕನ್ನಡಿಯ ಮುಂದೆ ನಿಂತು ತುಂಬ ಹೊತ್ತು ನೋಡಿಕೊಂಡಳು. ಆಮೇಲೆ ಅಮ್ಮನ ಹೆಗಲು ಒಮ್ಮೆ ಹಿಡಿದು ಹೊರಟಳು.

ಮಧ್ಯಾಹ್ನ ಪಾಳಿ ಮುಗಿಸಿ ಬಂದವಳೇ ಸ್ವೆಟರ್ ಕಳಚಿ, ಕತ್ತರಿ ತಗೊಂಡು (ಎಲ್ಲಿದೆ ಎಂದು ಯಾರನ್ನೂ ಕೇಳಲಿಲ್ಲ), ಜೋಡಿಸಿದ ದಾರ ಕತ್ತರಿಸಿ ಎಡತೋಳನ್ನು ಬಿಡಿಸಿದಳು. ಅಕ್ಕ ಶಾಲೆಯಿಂದ ಬಂದಾಗ ತೋಳು ಬಿಚ್ಚಿ, ಉಂಡೆಯಾಗಿ, ಮನೆಯ ಚೀಲದಲ್ಲಿತ್ತು.

"ಅಮ್ಮ, ಇನ್ನೊಂದು ಸಲ ಹಾಕು. ಬಲತೋಳಿನ ಹಾಗೇ ಬರಬೇಕು. ಬಸ್ಸಲ್ಲಿ ಬೇಡ, ಆಸ್ಪತ್ರೇಲಿ ಬೇಡ. ಇಲ್ಲೇ ಕೂತು ಹಾಕು."

"ಚಳಿಗೆ ಏನು ಮಾಡ್ತೀಯ?"

"ತಡ್ಕೋತೀನಿ. ಎಂಟು ವರ್ಷ ತಡ್ಕೊಂಡಿದ್ದೀನಿ." ಆಮೇಲೆ ನಮ್ಮೆಲ್ಲರ ಕಡೆ ತಿರುಗಿದಳು, ಟಿಕೆಟ್ ಕೇಳುವವಳ ಹಾಗೆ, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ. "ನನಗೆ ಚಳಿಯಾದ್ರೆ ಅದು ಅಮ್ಮನಿಂದ ಅಲ್ಲ."

ಅದಾಗಿ ಈಗ ನಾಲ್ಕು ವಾರ. ಸ್ಟೂಲು ಅಟ್ಟಕ್ಕೆ ಹೋಗಿದೆ, ಮಾವನಿಗೂ ಅದರ ಮುಖ ನೋಡುವುದು ಬೇಡವಂತೆ. ಕಿಟಕಿಯ ಪಕ್ಕ ಕೈಯಿರುವ ಕುರ್ಚಿ ಬಂದಿದೆ, ಎದುರಿಗೆ ಇನ್ನೊಂದು. ಮೇಷ್ಟ್ರು ಗೇಟಿನಲ್ಲಿ "ಒಂದೇ ನಿಮಿಷ" ಅಂದಾಗ ಭಾವ ಎದ್ದುಹೋಗಿ "ಇಲ್ಲ" ಅಂದರು. ಮೇಷ್ಟ್ರು ಅಷ್ಟಕ್ಕೇ ಗಾಬರಿಯಾಗಿ ಸಭೆಯನ್ನೇ ಮುಂದೂಡಿದರು. ನಾವೆಲ್ಲ ದೇವತೆಗಳಾಗಿಬಿಟ್ಟೆವು ಎಂದೇನೂ ಅಲ್ಲ. ಮೊದಲ ವಾರ ಕುರ್ಚಿ ಇದ್ದರೂ ಅಕ್ಕ ಅದರ ಅಂಚಿನಲ್ಲೇ ಕೂತರು. ಕರೆಯದಿದ್ದರೂ ಎದ್ದು ಬಂದು "ಏನಾದ್ರೂ ಬೇಕಾ?" ಎಂದು ಕೇಳಿದರು. ಆ ಅಭ್ಯಾಸ ಬಿಡಿಸುವುದು ನಮ್ಮದನ್ನು ಬಿಡಿಸುವುದಕ್ಕಿಂತ ಕಷ್ಟ.

ನಾನು ವಾರಕ್ಕೊಮ್ಮೆ ಕದ್ದು ಅಳೆಯುತ್ತೇನೆ. ಮೊದಲ ವಾರ ಇಪ್ಪತ್ನಾಲ್ಕು. ಎರಡನೆಯದು ಇಪ್ಪತ್ಮೂರು. ಮೂರನೆಯ ವಾರ ಇಪ್ಪತ್ಮೂರೇ, ಆ ವಾರ ನೆಂಟರು ಬಂದಿದ್ದರು. ತೋಳು ಕೆಳಗೆ ಕಿರಿದಾಗಿ ಮೇಲಕ್ಕೆ ಅಗಲವಾಗುತ್ತಿದೆ. ತೋಳು ಹೇಗೂ ಹಾಗೇ ಇರಬೇಕಲ್ಲ, ಪುಣ್ಯ.

ನಿನ್ನೆ ಭಾನುವಾರ. ನನಗೆ ದೊಡ್ಡ ಪಾತ್ರೆಯ ಮುಚ್ಚಳ ಸಿಗಲಿಲ್ಲ. "ಅಕ್ಕಾ" ಎಂದು ಬಾಯಿ ತೆರೆದೆ. ಕಿಟಕಿಯ ಪಕ್ಕ ಅಕ್ಕ ಒರಗಿದ್ದರು. ಚಪ್ಪಲಿ ಎರಡೂ ನೆಲದ ಮೇಲಿದ್ದವು. ಒಂದು ಕಾಲು ಎದುರಿನ ಕುರ್ಚಿಯ ಮೇಲಿತ್ತು, ಇನ್ನೊಂದು ಇನ್ನೂ ಕೆಳಗೇ ಇತ್ತು. ನಾನು ಬಾಯಿ ಮುಚ್ಚಿ, ಇಡೀ ಅಡುಗೆಮನೆ ತಡಕಾಡಿ, ಕೊನೆಗೆ ಪಾತ್ರೆಯ ಮೇಲೆ ತಟ್ಟೆ ಮುಚ್ಚಿದೆ. ಸಂಜೆ ಅಕ್ಕ ಸ್ನಾನಕ್ಕೆ ಹೋದಾಗ ಸ್ಕೇಲು ತಂದು ಹೊಸ ಸಾಲುಗಳ ಮೇಲಿಟ್ಟು ಎಣಿಸಿದೆ. ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದೆ.

ಇಪ್ಪತ್ತೊಂದು. ಆಸ್ಪತ್ರೆಯಷ್ಟು ಆರಾಮವಾಗಲು ನಮ್ಮ ಮನೆಗೆ ಇನ್ನು ಒಂದೇ ಕುಣಿಕೆ ಬಾಕಿ.